ತಳ ಹಿಡಿದದ್ದು

ಗುರುವಾರ, ಆರು ಗಂಟೆ ಹತ್ತು ನಿಮಿಷ.
ಕೆಟ್ಟ ಕಾರುಗಳನ್ನು ದಿನವಿಡೀ ಎಳೆದು ತಂದ ಕೈ,
ಎಷ್ಟು ತಿಕ್ಕಿದರೂ ಗ್ರೀಸಿನ ವಾಸನೆ.
ಟಕೋಮಾದ ಮೂರನೇ ನಂಬರ್ ಬಸ್ಸು
ಆರೂ ಮೂವತ್ತೆರಡಕ್ಕೆ ನಮ್ಮ ಮೂಲೆಯಲ್ಲಿ ನಿಲ್ಲುತ್ತದೆ.
ಅದರಿಂದ ಇಳಿಯುವವಳು ಪಾಕ್ ಬೊಕ್‌ಸುನ್,
ನನ್ನ ಅತ್ತೆ. ಅಲ್ಲ,
ಅತ್ತೆಯಾಗಿದ್ದವಳು.
ಮದುವೆ ಬಿಡಿಸಲು ಹದಿನಾಲ್ಕು ಪುಟ ಕಾಗದ ಬೇಕಾಯಿತು;
ಆಕೆಯನ್ನು ಇನ್ನು ಮುಂದೆ ಏನೆಂದು ಕರೆಯಬೇಕೆಂದು
ಯಾವ ಪುಟದಲ್ಲೂ ಬರೆದಿರಲಿಲ್ಲ.
ಬಾಣಲೆ ವಾಪಸು ಕೊಡಲು ಒಂದು ಗುರುವಾರ ಬಂದಳು.
ಆಮೇಲೆ ಬರುತ್ತಲೇ ಇದ್ದಾಳೆ.

ಇಪ್ಪತ್ತೆರಡು ನಿಮಿಷ. ಸಾಕು.

ಅಕ್ಕಿ ಮೂರು ನೀರಿನಲ್ಲಿ ತೊಳೆದೆ.
ಮೇಲೆ ಬೆರಳಿನ ಮೊದಲ ಗೆಣ್ಣಿನಷ್ಟು ನೀರು,
ಆಕೆಯೇ ಕಲಿಸಿದ ಅಳತೆ.
ಆಕೆಯ ಬೆರಳು ಸೂಜಿಯಷ್ಟು, ನನ್ನದು ಗೂಟದಷ್ಟು,
ಈ ಲೆಕ್ಕವನ್ನು ಇಬ್ಬರೂ ಹಾಕಿ ನೋಡಿಲ್ಲ.
ಅನ್ನ ಬೇಯಿಸುವ ಯಂತ್ರ ಲೊರೇನ್ ಪಾಲಿಗೆ ಹೋಯಿತು.
ಬೆಂದರೆ ಅದು ಸಣ್ಣದೊಂದು ರಾಗ ನುಡಿಸುತ್ತಿತ್ತು;
ಈ ಪಾತ್ರೆಗೆ ಬಾಯಿಲ್ಲ.

ಸೋಯಾ ಸಾಸಿಗೆ ಕಂದು ಸಕ್ಕರೆ, ತುರಿದ ಶುಂಠಿ,
ಜಜ್ಜಿದ ಐದೆಸಳು ಬೆಳ್ಳುಳ್ಳಿ,
ಒಂದು ಚಮಚ ಕೆಂಪು ಗೋಚುಜಾಂಗ್.
ಡಬ್ಬಿ ಆಕೆಯದ್ದೇ. ಹೋದ ತಿಂಗಳು ಕೈಚೀಲದಿಂದ ತೆಗೆದು
ನನ್ನ ಫ್ರಿಜ್ಜಿನಲ್ಲಿ ಹಾಲು ಸರಿಸಿ ಇಟ್ಟಳು,
ಕೇಳಲೂ ಇಲ್ಲ.
ಮರಸೇಬು ತುರಿದು ಹಾಕಬೇಕು, ಇಲ್ಲ.
ಸುಕ್ಕು ಬಿದ್ದ ಸೇಬಿತ್ತು, ಅದೇ ಆಯಿತು.

ಮಾಂಸವೂ ಆಕೆ ಹೇಳುವಂಥದ್ದಲ್ಲ:
ಕಾಗದದ ಹಾಗೆ ತೆಳ್ಳಗೆ ಸೀಳಿ, ರಾತ್ರಿಯಿಡೀ ನೆನೆಸಿ,
ಕೆಂಡದ ಮೇಲೆ ಸುಡುವಂಥದ್ದಲ್ಲ.
ಒಂದು ಪೌಂಡ್ ಕೊಚ್ಚಿದ ದನದ ಮಾಂಸ,
ಮೇಲೆ ಕಿತ್ತಳೆ ಚೀಟಿ, ಇಂದೇ ಕೊನೆ, ಅರ್ಧ ಬೆಲೆ.
ಬಾಣಲೆ ಚುರ್ರೆಂದಿತು.
ಒಡೆದು ಹರಡಿ, ಕಂದಾಗುವ ತನಕ ಕೈ ಕಟ್ಟಿ ನಿಂತೆ.
ಕೆದಕದೆ ಸುಮ್ಮನಿರುವುದನ್ನು
ನಾನು ಬಹಳ ತಡವಾಗಿ ಕಲಿತೆ.

ಸಾಸು ಸುರಿದು ಕಲಕುವಾಗ ಫೋನು.
ಹೆದ್ದಾರಿಯಲ್ಲೊಂದು ವ್ಯಾನು ಕೆಟ್ಟು ನಿಂತಿದೆಯಂತೆ.
ಆಗುವುದಿಲ್ಲ ಎಂದೆ. ಯಾಕೆ ಎಂದ.
ಮನೆಗೆ ನೆಂಟರು ಬರುತ್ತಾರೆ ಎಂದೆ.
ಅಂದದ್ದು ನಿಜವೋ ಸುಳ್ಳೋ ಎಂದು
ಸೌಟು ಹಿಡಿದು ಯೋಚಿಸುತ್ತಿದ್ದಾಗ
ಮೂಗಿಗೆ ಬಡಿಯಿತು. ಅನ್ನ ತಳ ಹಿಡಿದಿತ್ತು.

ಬಂದಳು. ನನ್ನ ಬೂಟುಗಳ ಪಕ್ಕ ತನ್ನ ಪುಟ್ಟ ಚಪ್ಪಲಿ ಬಿಟ್ಟಳು.
ಕೊರಳಲ್ಲಿ ಇನ್ನೂ ಹೊಲಿಗೆಯಂಗಡಿಯ ಅಳತೆಪಟ್ಟಿ,
ಇವತ್ತು ಏಳು ಸಿಪಾಯಿಗಳ ಪ್ಯಾಂಟು ಮೊಟಕು ಮಾಡಿದಳಂತೆ.
ಮೇಲಿನ ಬಿಳಿ ಅನ್ನ ಬಟ್ಟಲಿಗೆ, ಅದರ ಮೇಲೆ ಮಾಂಸ,
ಈರುಳ್ಳಿ ಸೊಪ್ಪು, ಎರಡು ಹನಿ ಎಳ್ಳೆಣ್ಣೆ.
ಒಂದು ತುತ್ತು ತಿಂದಳು.
"ಇದು ಬುಲ್ಗೋಗಿ ಅಲ್ಲ."
"ಅಲ್ಲ."
"ಮತ್ತೆ?"
"ಮಾಂಸ. ಅನ್ನ."
ತಲೆಯಾಡಿಸಿ ಇನ್ನೊಂದು ತುತ್ತು ತೆಗೆದುಕೊಂಡಳು.

ಸುಟ್ಟ ಪಾತ್ರೆಯನ್ನು ಸಿಂಕಿನಲ್ಲಿ ಅಡಗಿಸಿಟ್ಟಿದ್ದೆ.
ನಲ್ಲಿ ತಿರುಗಿಸುವಷ್ಟರಲ್ಲಿ ಎದ್ದು ಬಂದು ಕಸಿದುಕೊಂಡಳು.
ಚಮಚದಿಂದ ಕೆರೆದಳು, ಕರಕರ, ಕರಕರ,
ಹೊಂಬಣ್ಣದ ಹಪ್ಪಳದಂಥದ್ದೊಂದು ಎದ್ದು ಬಂತು.
"ನುರುಂಜಿ," ಎಂದಳು. ಆ ಮುಖ ನಾನು
ಲೊರೇನ್ ಜೊತೆಗಿದ್ದ ಹನ್ನೊಂದು ವರ್ಷದಲ್ಲೂ ಕಂಡಿರಲಿಲ್ಲ.
"ಆ ಯಂತ್ರ ಏನನ್ನೂ ಸೀಯಿಸುವುದಿಲ್ಲ," ಎಂದಳು,
ದೂರು ಹೇಳುವವಳ ಹಾಗೆ.
ಪಾತ್ರೆಗಂಟಿದ ಉಳಿದದ್ದಕ್ಕೆ ಬಿಸಿನೀರು ಹೊಯ್ದು
ಅದನ್ನೂ ಇಬ್ಬರೂ ಕುಡಿದೆವು.

ಹೊರಡುವಾಗ ದೊಡ್ಡ ಚೂರನ್ನು ಕಾಗದದಲ್ಲಿ ಸುತ್ತಿದಳು.
ಯಾರಿಗೆ ಎಂದೆ.
ಬಸ್ಸಿನಲ್ಲಿ ತಿನ್ನಲು, ಎಂದಳು.
ಆಕೆ ಬಸ್ಸಿನಲ್ಲಿ ನೀರೂ ಕುಡಿಯುವುದಿಲ್ಲ.
ನಾನು ಇನ್ನೊಂದು ಹಾಳೆ ಹರಿದು ಕೊಟ್ಟೆ,
ಮೆತ್ತಗಾಗದ ಹಾಗೆ.